ಸಾರಥಿಯ ಕೆಲಸ ಈಗ ನಿಮ್ಮದು

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮಕ್ಕಳೇ, ಮೂರು ತಾಸಿನ ಸಿನಿಮಾಕ್ಕೆ ಕೂಡುವ ನೀವು ಅರ್ಧ ತಾಸಿನ ನಾಟಕಕ್ಕೆ ಕೂಡಲಾರದೆ ಎದ್ದು ಹೋಗುವುದನ್ನು ನೋಡಿ ನನಗೆ ಚಿಂತೆಯಾಗಿದೆ. ಕಾಲೇಜಿನ ವೇದಿಕೆಯ ಮೇಲೆ ಹುಡುಗಿಯೊಬ್ಬಳು ಒಬ್ಬಳೇ ನಿಂತು ಅಭಿನಯಿಸುತ್ತಿರುತ್ತಾಳೆ. ಮುಂದಿನ ಸಾಲಿನವರು ಫೋನು ಎತ್ತಿ ಹಿಡಿದಿರುತ್ತಾರೆ, ಹಿಂದಿನ ಸಾಲಿನವರು ಫೋನಿನೊಳಗೆ ತಲೆ ಹಾಕಿರುತ್ತಾರೆ. ಅವಳು ಮಾತಾಡುವುದಾದರೂ ಯಾರ ಜೊತೆ? ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಕೈಯಲ್ಲಿರುವ ಒಳ್ಳೆಯದೊಂದು ಜಾರಿ ಹೋಗುತ್ತಿದೆ, ಅದನ್ನು ಹೇಳಬೇಕಾಗಿದೆ.

ನೀವು ಹುಟ್ಟಿ ಬೆಳೆದದ್ದು ನಾಟಕದ ಸೀಮೆಯಲ್ಲಿ. ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭಾ ಕಟ್ಟಿದ್ದು, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭಾ ಕಟ್ಟಿದ್ದು ಇದೇ ಬಳ್ಳಾರಿಯಲ್ಲಿ. ಇಬ್ಬರೂ ವಕೀಲರು. ಅವರ ನಂತರ ಬಂದ ಬಳ್ಳಾರಿ ರಾಘವರೂ ವಕೀಲರೇ. ಹಗಲು ಕೋರ್ಟು, ರಾತ್ರಿ ರಂಗ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದ ರಾಘವರು ರಾಗ ಎಳೆಯುವುದಕ್ಕಿಂತ ಮಾತನ್ನು ಮಾತಿನಂತೆ ಆಡುವುದಕ್ಕೆ ಬೆಲೆ ಕೊಟ್ಟರು, ಹೆಂಗಸರ ಪಾತ್ರ ಹೆಂಗಸರೇ ಮಾಡಲಿ ಎಂದರು. ಅವರ ಹೆಸರಿನ ರಾಘವ ಕಲಾಮಂದಿರದ ಮುಂದೆ ದಿನವೂ ಬೈಕಿನಲ್ಲಿ ಹೋಗುವವರಲ್ಲಿ ಎಷ್ಟು ಮಂದಿ ಒಳಗೆ ಕೂತು ಒಂದು ನಾಟಕವನ್ನು ಕೊನೆಯವರೆಗೆ ನೋಡಿದ್ದೀರಿ? ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಚಿಕ್ಕ ನಾಟಕವೆಂದರೆ ದೊಡ್ಡದನ್ನು ಬರೆಯಲಾಗದವರ ಕೆಲಸ ಎಂಬ ತಿಳಿವಳಿಕೆ ನಿಮ್ಮಲ್ಲಿ ಹಲವರಿಗಿದೆ. ಅದನ್ನು ಬಿಡಿ. ರಾಘವರು ತೀರಿಕೊಂಡ 1946ರಲ್ಲೇ ತೀರಿಕೊಂಡ ಟಿ.ಪಿ. ಕೈಲಾಸಂ ಮನೆಯ ಪಡಸಾಲೆಯ ಮಾತಿನಲ್ಲೇ ಸಣ್ಣ ಸಣ್ಣ ನಾಟಕ ಕಟ್ಟಿ ಇಡೀ ಸಮಾಜದ ಸೋಗು ಬಿಚ್ಚಿದರು. ಶ್ರೀರಂಗರು ಏಕಾಂಕಗಳನ್ನು ಬರೆದರು. ಆಮೇಲೆ ಲಂಕೇಶ್, ಚಂದ್ರಶೇಖರ ಪಾಟೀಲ, ಕಂಬಾರರು ಅದೇ ಅಳತೆಯಲ್ಲಿ ತಮ್ಮ ಕಾಲದ ಸಿಟ್ಟು, ಗೊಂದಲಗಳನ್ನು ಹಿಡಿದರು. 1975ರಲ್ಲಿ ಹುಟ್ಟಿದ ಸಮುದಾಯ ತಂಡ ಸಣ್ಣ ನಾಟಕವನ್ನು ಬೀದಿಗೇ ತಂದಿತು. ಅಲ್ಲಿ ಪರದೆಯಿರಲಿಲ್ಲ, ಟಿಕೆಟ್ಟಿರಲಿಲ್ಲ. ಸುತ್ತ ನಿಂತ ಜನವೇ ಗೋಡೆ.

ಇನ್ನು ಒಬ್ಬರೇ ಆಡುವ ನಾಟಕ. ಇದರ ಗುಟ್ಟು ತಿಳಿಯಲು ನಮ್ಮ ಬಯಲಾಟವನ್ನೇ ನೆನೆಯಿರಿ. ನಾವು ಹುಡುಗರಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಸಿರುಗುಪ್ಪ ಸೀಮೆಯ ಹಳ್ಳಿಗಳಲ್ಲಿ ಅಟ್ಟ ಹಾಕುತ್ತಿದ್ದರು. ದುರ್ಯೋಧನ ಕಿರೀಟ ಕುಲುಕುತ್ತ ಬಂದು ಕುಣಿದು ನಿಂತರೆ ಸಾರಥಿ ಮುಂದೆ ಬಂದು, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ವಿಚಾರಿಸುತ್ತಿದ್ದ. ಅವನು ಕೇಳಿದರೇ ರಾಜನ ಬಾಯಿ ಬಿಚ್ಚುತ್ತಿತ್ತು. ಏಕವ್ಯಕ್ತಿ ನಾಟಕದ ರಂಗದ ಮೇಲೆ ಆ ಸಾರಥಿಯಿಲ್ಲ. ಕತ್ತಲಲ್ಲಿ ಕೂತ ನೀವೇ ಆ ಸಾರಥಿ. ನೀವು ಮನಸ್ಸಿನಲ್ಲಿ ‘ಆಮೇಲೆ?’ ಎಂದರೆ ಪಾತ್ರ ಮುಂದಕ್ಕೆ ಹೋಗುತ್ತದೆ. ನೀವು ಫೋನು ತೆಗೆದರೆ ನಾಟಕದ ಎರಡನೇ ಪಾತ್ರಧಾರಿ ನಡುವೆಯೇ ಎದ್ದು ಹೋದಂತೆ.

ಒಂದು ಉದಾಹರಣೆ ನೋಡಿ. ರಷ್ಯಾದ ಚೆಕಾವ್ 1886ರಲ್ಲಿ ಬರೆದು, ವರ್ಷಗಟ್ಟಲೆ ತಿದ್ದಿದ ಒಂದು ಪುಟ್ಟ ನಾಟಕವಿದೆ. ಹೆಂಡತಿಯ ಅಪ್ಪಣೆಯಂತೆ ಒಬ್ಬ ಬಡಪಾಯಿ ಹೊಗೆಸೊಪ್ಪಿನ ಕೆಡುಕಿನ ಬಗ್ಗೆ ಭಾಷಣಕ್ಕೆ ನಿಲ್ಲುತ್ತಾನೆ. ಎರಡು ಮಾತು ಹೊಗೆಸೊಪ್ಪು, ಆಮೇಲೆಲ್ಲ ಅವನ ಸಂಸಾರದ ಗೋಳು. ಮೊದಮೊದಲು ನಗುತ್ತೀರಿ. ಹೋಗುತ್ತ ಹೋಗುತ್ತ ಆತ ತನ್ನ ಹಳೆಯ ಕೋಟು ಕಿತ್ತೆಸೆದು ಕಾಲಿನಿಂದ ತುಳಿಯುತ್ತಾನೆ. ನಿಮ್ಮ ನಗು ಅಲ್ಲಿಗೇ ನಿಲ್ಲುತ್ತದೆ. ಹೆಂಡತಿ ಬಂದದ್ದು ಕಂಡದ್ದೇ ತಡ, ಕೋಟು ತೊಟ್ಟು ಮತ್ತೆ ಹೊಗೆಸೊಪ್ಪಿನ ಮಾತಿಗೆ ಬರುತ್ತಾನೆ. ಕೋಟು ತುಳಿಯುವಷ್ಟನ್ನೇ ಕತ್ತರಿಸಿ ಮೊಬೈಲಿನಲ್ಲಿ ನೋಡಿದರೆ ಯಾವನೋ ಹುಚ್ಚ ಕುಣಿದಂತೆ ಕಾಣುತ್ತದೆ. ಮೊದಲಿನಿಂದ ಕೂತವರಿಗೆ ಮಾತ್ರ ಒಬ್ಬ ಮನುಷ್ಯನ ಇಡೀ ಬದುಕು ಕಾಣುತ್ತದೆ.

ನಮ್ಮವರಲ್ಲಿ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ವನ್ನು ಓದಿ. ಕನ್ನಡದ ಲೇಖಕಿಯೊಬ್ಬಳು ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೆಸರು ಮಾಡಿದ್ದಾಳೆ. ಟೀವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡಬೇಕು, ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನೆ ಹಾಕುತ್ತದೆ. ರಂಗದ ಮೇಲಿನ ನಟಿ ತನ್ನದೇ ಮುದ್ರಿತ ಮುಖಕ್ಕೆ ಒಂದು ಕ್ಷಣ ಆಚೀಚೆಯಾಗದಂತೆ ಉತ್ತರ ಕೊಡಬೇಕು. ಮನೆಯಲ್ಲೊಂದು, ಬಜಾರಿನಲ್ಲೊಂದು, ಇಂಟರ್‌ವ್ಯೂದಲ್ಲಿ ಇನ್ನೊಂದು ಭಾಷೆ ಆಡುವ ನಮ್ಮ ಗಡಿನಾಡಿನ ಮಕ್ಕಳಿಗೆ ಆ ಪ್ರಶ್ನೆಗಳು ಚುರುಕ್ಕೆನ್ನದೆ ಇರವು. ಕೊನೆಗೇನಾಯಿತು ಎಂದು ನಾನು ಹೇಳುವುದಿಲ್ಲ, ನೀವೇ ನೋಡಿಕೊಳ್ಳಿ. ದು. ಸರಸ್ವತಿ ತಾವೇ ಬರೆದು ತಾವೇ ಆಡುವ ‘ಸಣ್ತಿಮ್ಮಿ ರಾಮಾಯಣ’ ಸಿಕ್ಕರೆ ಬಿಡಬೇಡಿ; ಹಳ್ಳಿಯ ಹೆಣ್ಣುಮಗಳ ಬಾಯಲ್ಲಿ ರಾಮಾಯಣ ಏನಾಗುತ್ತದೆಂದು ಕೇಳಿ. ಬೇಲೂರು ರಘುನಂದನ್ ಬರೆದ ‘ಶರ್ಮಿಷ್ಠೆ’ಯನ್ನು ಉಮಾಶ್ರೀ ಒಬ್ಬರೇ ಆಡುತ್ತಾರೆ. ಸಿನಿಮಾದಲ್ಲಿ ನೀವು ಕಂಡ ಉಮಾಶ್ರೀಯೇ ಬೇರೆ, ಅಲ್ಲಿ ಕಾಣುವ ಉಮಾಶ್ರೀಯೇ ಬೇರೆ.

ನಮ್ಮ ಕಾಲವೇ ಚೆಂದವಿತ್ತು ಎಂದು ನಾನು ಹೇಳಲಾರೆ. ರಂಗದ ಮೇಲೆ ನಿಂತ ಹೆಣ್ಣುಮಕ್ಕಳು ಆಗ ಕೇಳಿದ ಕೆಟ್ಟ ಮಾತಿಗೆ ಲೆಕ್ಕವಿಲ್ಲ. ಸುಭದ್ರಮ್ಮ ಮನ್ಸೂರರಂಥವರು ಅದನ್ನೆಲ್ಲ ದಾಟಿ ಹಾಡಿದರು, ಆಡಿದರು. ಆಟ ನೋಡುವಾಗಲೂ ಯಾರು ಎಲ್ಲಿ ಕೂಡಬೇಕೆಂಬುದನ್ನು ಜಾತಿ ಹೇಳುತ್ತಿತ್ತು. ಅದೆಲ್ಲ ಹೋಗಬೇಕಾದದ್ದೇ. ಆದರೆ ಎದುರಿನವರ ಮಾತು ಮುಗಿಯುವವರೆಗೆ ಕೇಳುವ ಒಂದು ಗುಣ ಆ ಮಂದಿಗಿತ್ತು. ಬೆಳಗಾದ ಮೇಲೆ ಕಟ್ಟೆಯ ಮೇಲೆ ಕೂತು, ಕರ್ಣ ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳವಾಡುತ್ತಿದ್ದರು. ಆ ಗುಣವನ್ನೂ ಕಳೆದುಕೊಳ್ಳಬೇಡಿ. ಇವತ್ತು ಅರ್ಧ ನಿಮಿಷದ ರೀಲ್ಸಿಗೆ ಪಳಗಿದ ಕಣ್ಣು, ನಾಳೆ ಮನೆಯಲ್ಲಿ ಅವ್ವ ಮಾತಾಡುವಾಗಲೂ ಬೇಸತ್ತು ಬೇರೆ ಕಡೆ ಹೊರಳುತ್ತದೆ. ನನ್ನ ಅಂಜಿಕೆ ಅದೇ.

ಹಾಗಾದರೆ ಏನು ಮಾಡಬೇಕು? ಕಷ್ಟದ್ದೇನಿಲ್ಲ. ನಾಟಕಕ್ಕೆ ಹೋದಾಗ ಫೋನು ಆಫ್ ಮಾಡಿ ಜೇಬಿನಲ್ಲಿಡಿ, ಸೈಲೆಂಟಿನಲ್ಲಿಟ್ಟರೆ ಸಾಲದು. ಪಾತ್ರ ಯಾರ ಜೊತೆ ಮಾತಾಡುತ್ತಿದೆ, ಏನನ್ನು ಹೇಳದೆ ಮುಚ್ಚಿಡುತ್ತಿದೆ, ಎಲ್ಲಿ ಮಾತು ನಿಲ್ಲಿಸಿತು ಎಂಬುದನ್ನು ಗಮನಿಸಿ. ಮೌನ ಬಂದಾಗ ನಟ ಮಾತು ಮರೆತನೆಂದು ಶಿಳ್ಳೆ ಹಾಕಬೇಡಿ. ಇಪ್ಪತ್ತು ನಿಮಿಷದ ನಾಟಕದಲ್ಲಿ ಅರ್ಧ ನಿಮಿಷದ ಮೌನವನ್ನು ಯಾರೂ ಸುಮ್ಮನೆ ಇಟ್ಟಿರುವುದಿಲ್ಲ. ಮುಗಿದ ಕೂಡಲೇ ‘ಸೂಪರ್’ ಎಂದು ಸ್ಟೇಟಸ್ ಹಾಕುವ ಬದಲು ಗೆಳೆಯನೊಬ್ಬನ ಜೊತೆ ಚಹಾ ಕುಡಿಯುತ್ತ ಜಗಳವಾಡಿ. ನಾಟಕ ಹಿಡಿಸದಿದ್ದರೂ ಅಡ್ಡಿಯಿಲ್ಲ, ಯಾಕೆ ಹಿಡಿಸಲಿಲ್ಲ ಎಂದು ಹೇಳಲು ಬರಬೇಕು.

ಬಳ್ಳಾರಿಯ ಜೋಳದರಾಶಿ ದೊಡ್ಡನಗೌಡ ರಂಗಮಂದಿರಕ್ಕೆ ಬಂದು ಹೋಗುವುದು ಕುರುಗೋಡಿನ, ಸಿರುಗುಪ್ಪದ ಹುಡುಗರಿಗೆ ಪ್ರತಿ ಸಲ ಆಗದು, ಕೊನೆಯ ಬಸ್ಸಿನ ಚಿಂತೆ ನನಗೂ ಗೊತ್ತು. ಅದಕ್ಕಾಗಿ ಕಾಯಬೇಡಿ. ಕಾಲೇಜಿನ ಲೈಬ್ರರಿಯಿಂದ ಒಂದು ಏಕಾಂಕ ಸಂಗ್ರಹ ತನ್ನಿ. ನಾಲ್ಕು ಜನ ಸೇರಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಈ ವಾರ ಒಬ್ಬರು ಎದ್ದು ನಿಂತು ಆಡಲಿ, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಲಿ. ಮುಂದಿನ ವಾರ ಸರದಿ ಬದಲಾಗಲಿ. ಆಡುವುದನ್ನು ಕಲಿಸುವವರು ಎಲ್ಲಾದರೂ ಸಿಕ್ಕಾರು. ಕೇಳುವುದನ್ನು ಮಾತ್ರ ನೀವೇ ರೂಢಿ ಮಾಡಿಕೊಳ್ಳಬೇಕು.