ಸ್ವಿಫ್ಟ್ ಹಕ್ಕಿಯನ್ನು ಕೊನೆಯ ಸಲ ನೋಡಿದ್ದು ಯಾವಾಗ?

ಆಗಸ್ಟ್ ಕೊನೆಯ ವಾರಕ್ಕೆ ಬಂದಿದ್ದೀವಿ. ಇಲ್ಲಿ ಇಂಗ್ಲೆಂಡಿನಲ್ಲಿ ಹಕ್ಕಿ ನೋಡುವವರ ವಾಟ್ಸಾಪ್ ಗುಂಪುಗಳಲ್ಲಿ ಈಗ ಓಡಾಡೋ ಪ್ರಶ್ನೆ ಒಂದೇ: "ನಿಮ್ಮ ಕಡೆ ಸ್ವಿಫ್ಟ್ ಇನ್ನೂ ಇದೆಯಾ? ನಮ್ಮ ಬೀದೀಲಿ ಕಾಣ್ತಿಲ್ಲ." ಪ್ರಶ್ನೆ ಸಣ್ಣದು, ಆದರೆ ಉತ್ತರ ಅಷ್ಟು ಸುಲಭ ಅಲ್ಲ. ಯಾಕೆ ಅಂತ ಇವತ್ತು ನೋಡೋಣ.

ಮೊದಲು ಹಕ್ಕಿಯ ಪರಿಚಯ. ಮಸಿಬಣ್ಣದ ಮೈ, ಕುಡುಗೋಲಿನ ಹಾಗೆ ಬಾಗಿದ ರೆಕ್ಕೆ. ಬೇಸಗೆಯ ಸಂಜೆ ಮನೆಗಳ ಮೇಲೆ ಗುಂಪಾಗಿ ಕಿರುಚುತ್ತಾ ಹಾರೋದನ್ನ ನೀವೂ ನೋಡಿರ್ತೀರಿ. ಮೇ ತಿಂಗಳ ಹೊತ್ತಿಗೆ ಆಫ್ರಿಕಾದಿಂದ ಬರುತ್ತೆ, ಹಳೇ ಮನೆಗಳ ಸೂರಿನ ಸಂದಿನಲ್ಲಿ ಗೂಡು ಮಾಡುತ್ತೆ, ಜುಲೈ ಕೊನೆ, ಆಗಸ್ಟ್ ಮೊದಲ ವಾರಗಳಲ್ಲಿ ಹೊರಟುಬಿಡುತ್ತೆ. ಗೂಡಿನ ಕಾಲ ಬಿಟ್ಟರೆ ಅದರ ಬದುಕೆಲ್ಲ ಗಾಳಿಯಲ್ಲೇ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಹಕ್ಕಿಗಳ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ನೋಡಿದಾಗ, ಕೆಲವು ಹಕ್ಕಿಗಳು ಹತ್ತು ತಿಂಗಳು ಒಮ್ಮೆಯೂ ಕೆಳಗೆ ಇಳಿದೇ ಇರಲಿಲ್ಲ. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಈಗ ಪ್ರಶ್ನೆಗೆ ಬರೋಣ. ಬಂದಿದ್ದು ಗೊತ್ತಾಗುತ್ತೆ, ಹೋಗಿದ್ದು ಗೊತ್ತಾಗಲ್ಲ. ಮೇ ತಿಂಗಳಲ್ಲಿ ಮೊದಲ ಸ್ವಿಫ್ಟ್ ಕಂಡ ದಿನ ಎಲ್ಲರೂ ಬರೆದಿಡ್ತಾರೆ. ಆದರೆ ಆಗಸ್ಟ್ 6ರಂದು ಕಂಡ ಹಕ್ಕಿಯೇ ಈ ವರ್ಷದ ಕೊನೆಯದು ಅಂತ ಅವತ್ತು ಯಾರಿಗೆ ಗೊತ್ತಿರುತ್ತೆ? ವಾರ ಕಳೆದ ಮೇಲೆ "ಅಯ್ಯೋ, ಆಕಾಶ ಖಾಲಿ ಆಯ್ತಲ್ಲ" ಅನ್ನಿಸುತ್ತೆ. ಅಷ್ಟರಲ್ಲಿ ತಾರೀಖು ಮರೆತುಹೋಗಿರುತ್ತೆ.

ಎರಡನೇ ತೊಡಕು, ನೋಡುವವರ ಸಂಖ್ಯೆ. ಒಂದು ಊರು ಅಂದ್ಕೊಳ್ಳಿ. ಹೋದ ವರ್ಷ ಐದು ಜನ ನೋಡಿದರು, ಕೊನೆಯ ದಾಖಲೆ ಆಗಸ್ಟ್ 12. ಈ ವರ್ಷ ಐವತ್ತು ಜನ ನೋಡಿದರು, ಕೊನೆಯ ದಾಖಲೆ ಆಗಸ್ಟ್ 26. ಹಾಗಾದರೆ ಸ್ವಿಫ್ಟ್ ಎರಡು ವಾರ ಹೆಚ್ಚು ಉಳಿದವಾ? ಹಾಗೆ ಹೇಳೋಕಾಗಲ್ಲ. ಕಣ್ಣು ಹೆಚ್ಚಾದಷ್ಟೂ ಹಿಂದೆ ಉಳಿದ ಒಂಟಿ ಹಕ್ಕಿ ಯಾರಿಗಾದರೂ ಕಂಡೇ ಕಾಣುತ್ತೆ. ಮೇಲಾಗಿ, ಆಗಸ್ಟ್ ಕೊನೆಯಲ್ಲಿ ಎತ್ತರದಲ್ಲಿ ಹಾದುಹೋಗೋ ಹಕ್ಕಿ ನಿಮ್ಮ ಬೀದಿಯದೇ ಆಗಿರಬೇಕಿಲ್ಲ, ಇನ್ನೂ ಉತ್ತರದಿಂದ ಹೊರಟು ದಕ್ಷಿಣಕ್ಕೆ ಹೋಗ್ತಿರೋದೂ ಆಗಿರಬಹುದು.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ದಾರಿ ಸರಳ: ಕೊನೆಯ ತಾರೀಖನ್ನ ಬಿಟ್ಟು ಪ್ರಮಾಣ ನೋಡೋದು. ಒಬ್ಬರು ಅರ್ಧ ಗಂಟೆ ಪಾರ್ಕಿನಲ್ಲಿ ಕೂತು, ತಾವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದರೆ ಅದು ಪೂರ್ಣ ಪಟ್ಟಿ. ಜುಲೈನ ಒಂದು ವಾರ ನೂರು ಪಟ್ಟಿಗಳಲ್ಲಿ ಅರವತ್ತರಲ್ಲಿ ಸ್ವಿಫ್ಟ್ ಇತ್ತು, ಆಗಸ್ಟ್ ನಡುವೆ ಇಪ್ಪತ್ತರಲ್ಲಿ, ಕೊನೆಗೆ ಮೂರರಲ್ಲಿ ಅಂತಿಟ್ಟುಕೊಳ್ಳಿ. ಈ ಇಳಿಜಾರು ಯಾವ ವಾರದಲ್ಲಿ ಕಡಿದಾಗಿದೆಯೋ, ಬಹುಪಾಲು ಹಕ್ಕಿಗಳು ಆಗಲೇ ಹೊರಟಿವೆ. ಪಟ್ಟಿ ನೂರರ ಬದಲು ಸಾವಿರ ಆದರೂ ಪ್ರಮಾಣವನ್ನ ಹೋಲಿಸಬಹುದು. ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿಯ ಬರ್ಡ್‌ಟ್ರ್ಯಾಕ್ ಈ ತರಹದ ಪಟ್ಟಿಗಳನ್ನೇ ಕೇಳುತ್ತೆ. ಸ್ವಿಫ್ಟ್ ಇಲ್ಲದ ಪಟ್ಟಿಗೂ ಇಲ್ಲಿ ಅಷ್ಟೇ ಬೆಲೆ. "ಇವತ್ತು ಕಾಣಲಿಲ್ಲ" ಅನ್ನೋದೂ ಮಾಹಿತಿಯೇ.

ಇಷ್ಟೆಲ್ಲ ಲೆಕ್ಕ ಯಾಕೆ ಬೇಕು? ಬ್ರಿಟನ್ನಿನಲ್ಲಿ 1995ರಿಂದ ಈಚೆಗೆ ಸ್ವಿಫ್ಟ್‌ಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. 2021ರಲ್ಲಿ ಈ ಹಕ್ಕಿ ಇಲ್ಲಿನ ಕೆಂಪು ಪಟ್ಟಿಗೆ ಸೇರಿತು. ಇದಕ್ಕೆ ತಿನ್ನೋ ಕೀಟಗಳ ಕೊರತೆ ಒಂದು ಕಾರಣ ಇರಬಹುದು, ಗೂಡಿನ ಜಾಗ ಹೋಗ್ತಿರೋದು ಇನ್ನೊಂದು. ಸ್ವಿಫ್ಟ್ ವರ್ಷ ವರ್ಷವೂ ಅದೇ ಸಂದಿಗೆ ವಾಪಸ್ ಬರುತ್ತೆ. ಅದು ಆಫ್ರಿಕಾದಲ್ಲಿ ಇರುವಾಗ ಇಲ್ಲಿ ಮನೆ ರಿಪೇರಿ ನಡೆಯುತ್ತೆ, ಸೂರಿನ ಸಂದು ಮುಚ್ಚಿಹೋಗುತ್ತೆ. ಮುಚ್ಚಿದವರದ್ದು ಕೆಟ್ಟ ಉದ್ದೇಶ ಏನಲ್ಲ. ಅಲ್ಲಿ ಗೂಡಿತ್ತು ಅಂತ ಹೇಳೋರು ಯಾರೂ ಇರಲಿಲ್ಲ, ಅಷ್ಟೆ.

ಹಾಗಾಗಿ ಈ ತಿಂಗಳು ನಿಮಗೊಂದು ಕೆಲಸ. ಜೂನ್, ಜುಲೈನಲ್ಲಿ ಸ್ವಿಫ್ಟ್ ಯಾವ ಸೂರಿನೊಳಗೆ ನುಗ್ಗುತ್ತಿತ್ತು ಅನ್ನೋದು ನೆನಪಿದ್ದರೆ ಈಗಲೇ ಬರೆದಿಡಿ: ಯಾವ ಬೀದಿ, ಎಷ್ಟನೇ ಮನೆ, ಯಾವ ದಿಕ್ಕಿನ ಗೋಡೆ. ಸ್ವಿಫ್ಟ್ ಮ್ಯಾಪರ್ ಅನ್ನೋ ಆ್ಯಪ್‌ನಲ್ಲಿ ಅದನ್ನ ದಾಖಲಿಸಬಹುದು. ನಿಮ್ಮದೇ ಮನೆಯಾಗಿದ್ದರೆ, ಚಾವಣಿ ಕೆಲಸಕ್ಕೆ ಬಂದವರಿಗೆ ಆ ಸಂದು ತೋರಿಸಿ, ಬಿಟ್ಟುಬಿಡಿ ಅಂತ ಹೇಳಿ.

ಊರಲ್ಲಿರೋರಿಗೂ ಒಂದು ಮಾತು. ಇಲ್ಲಿಯ ಸ್ವಿಫ್ಟ್ ನಮ್ಮ ಕಡೆ ಬರಲ್ಲ. ಆದರೆ ಇಲ್ಲಿ ಹಕ್ಕಿಗಳು ಹೊರಡೋ ಕಾಲ ಕರ್ನಾಟಕದಲ್ಲಿ ಬೇರೆ ಹಕ್ಕಿಗಳು ಬಂದಿಳಿಯೋ ಕಾಲ. ಬೂದು ಸಿಪಿಲೆ ಹಿಮಾಲಯದ ಕಡೆಯಿಂದ ಬರೋ ಹೊತ್ತು ಇದೇ. ಇಂಥ ವಲಸೆ ಹಕ್ಕಿಗಳು ಬರೋ ಹೋಗೋ ದಿನಗಳನ್ನ ಜನರಿಂದಲೇ ಸಂಗ್ರಹಿಸೋಕೆ ಬೆಂಗಳೂರಿನ ಎನ್‌ಸಿಬಿಎಸ್ 2007ರಲ್ಲಿ ಮೈಗ್ರೆಂಟ್‌ವಾಚ್ ಶುರುಮಾಡಿತ್ತು. ಅಮ್ಮ ಫೋನಿನಲ್ಲಿ "ಹಿತ್ತಲಿಗೆ ಬಾಲ ಕುಣಿಸೋ ಹಕ್ಕಿ ಬಂತು ಕಣೋ" ಅಂದರೆ, ತಾರೀಖು ಕೇಳಿ ಬರೆದುಕೊಳ್ಳಿ. ವಸಂತದಲ್ಲಿ ಅದು ಹೋಗೋ ಹೊತ್ತಿಗೂ ಮರೀದೆ ವಿಚಾರಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲೀವರೆಗೆ ದಿನಕ್ಕೊಮ್ಮೆ ತಲೆ ಎತ್ತಿ ನೋಡ್ತಿರಿ. ಏನೂ ಕಾಣದೇ ಇದ್ದರೆ, ಅದನ್ನೂ ಬರೆದಿಡಿ.