ಅಪ್ಪನ ಡಬ್ಬಿಯ ವಾಚುಗಳು

ಹಲಗೂರಿನ ಸೋದರಿಗೆ,

ವಾಚು ರಿಪೇರಿ ಮಾಡುತ್ತಿದ್ದ ನಿಮ್ಮ ತಂದೆಯವರು ಬಿಟ್ಟುಹೋದ ಡಬ್ಬಿಯಿಂದ ಓಲೆ, ಪದಕ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಮೊದಲು ಪ್ರತಿ ವಾಚಿಗೂ ಕೀ ಕೊಟ್ಟು ನೋಡಿ. ಅವುಗಳಲ್ಲಿ ಎಚ್‌ಎಂಟಿ ವಾಚುಗಳೂ ಇರಬಹುದು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿತು. ಅದರ ಹಳೆಯ ‘ಜನತಾ’ ವಾಚನ್ನು ಇಂದಿಗೂ ಹುಡುಕಿಕೊಂಡು ಬರುವವರಿದ್ದಾರೆ. ನಡೆಯುವ ವಾಚನ್ನು ಒಡೆದು ಒಡವೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ತುಕ್ಕು ಹಿಡಿದವು, ಬಿಡಿಭಾಗ ಕಳೆದುಕೊಂಡವು ಸಿಕ್ಕೇ ಸಿಗುತ್ತವೆ.

ಬಿಚ್ಚುವಾಗ ಮೈನ್‌ಸ್ಪ್ರಿಂಗ್ ಬಗ್ಗೆ ಜೋಪಾನ, ಚಿಮ್ಮಿದರೆ ಕಣ್ಣಿಗೇ ಬಡಿದೀತು. ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಬಹಳ ಹಳೆಯ ವಿದೇಶಿ ಡಯಲುಗಳನ್ನು ಕೆರೆಯಲೇಬೇಡಿ, ಹಾಗೇ ಪಕ್ಕಕ್ಕಿಡಿ. ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಆರಿದರೂ ವಿಕಿರಣ ಆರುವುದಿಲ್ಲ.

ಹಿತ್ತಾಳೆಯ ಹಲ್ಲುಚಕ್ರಗಳ ಜಿಡ್ಡು ತೆಗೆದು, ಹುಣಸೆಹಣ್ಣಿನ ನೀರಲ್ಲಿ ತಿಕ್ಕಿ, ತೊಳೆದು ಒಣಗಿಸಿ. ಉಕ್ಕಿನ ಭಾಗಗಳಿಗೆ ಹುಣಸೆ ಬೇಡ, ತುಕ್ಕು ಬರುತ್ತದೆ. ಯಂತ್ರದ ತಟ್ಟೆಯಲ್ಲಿ ಕೂತ ಪುಟ್ಟ ಕೆಂಪು ಹರಳುಗಳು ಕೃತಕ ಮಾಣಿಕ್ಯ; ‘ಜನತಾ’ದ ಯಂತ್ರದಲ್ಲಿ ಒಟ್ಟು 17 ಹರಳುಗಳಿವೆ. ಅವನ್ನು ಕೀಳದೆ ಆ ತಟ್ಟೆಯನ್ನೇ ಪದಕವಾಗಿಸಿ, ಎಷ್ಟು ಚೆಂದ ಕಾಣುತ್ತದೆ ನೋಡಿ! ಕಿವಿಗೆ ಹೋಗುವ ಕೊಕ್ಕೆ ಮಾತ್ರ ಬೆಳ್ಳಿಯದೇ ಇರಲಿ. ನಿಕಲ್ ಲೇಪ ಹಲವರಿಗೆ ತುರಿಕೆ ತರುತ್ತದೆ.

ಅಮ್ಮ ನೊಂದುಕೊಳ್ಳುತ್ತಾರೋ ಏನೋ ಎಂದೂ ಬರೆದಿದ್ದೀರಿ. ಅಪ್ಪ ಕಟ್ಟಿಕೊಳ್ಳುತ್ತಿದ್ದ ವಾಚನ್ನು ಹಾಗೇ ಅವರ ಕೈಗಿಡಿ. ಉಳಿದವನ್ನು ಅವರ ಪಕ್ಕದಲ್ಲೇ ಕೂತು ಬಿಚ್ಚಿ.