ಗ್ರಾಮದ ಗೋಮಾಳವೂ ಅದರ ಸಂರಕ್ಷಣೆಯೂ

ಕೊಟ್ಟಿಗೆಹಾರವು ಚಾರ್ಮಾಡಿ ಘಟ್ಟದ ತಲೆಯಲ್ಲಿ, ಮೂಡಿಗೆರೆ ತಾಲ್ಲೂಕಿಗೆ ಸೇರಿರುವ ಊರು. ಈ ಸೀಮೆಯಲ್ಲಿ ಕಾಫಿ ತೋಟವೂ ಬತ್ತದ ಗದ್ದೆಯೂ ಒಬ್ಬೊಬ್ಬರ ಹಿಡುವಳಿಯಾಗಿರುವುವು. ಗೋಮಾಳವಾದರೋ ಇಡೀ ಗ್ರಾಮದ ಉಪಯೋಗಕ್ಕಾಗಿ ಬಿಟ್ಟದ್ದು. ಅದರ ಒಡೆತನ ಸರ್ಕಾರದ್ದು, ಮೇವಿನ ಅನುಕೂಲ ಗ್ರಾಮದ್ದು. ಗೋಮಾಳವು ಕುಗ್ಗಿದರೆ ತೋಟವುಳ್ಳವನು ಮೇವನ್ನು ಕೊಂಡು ತಂದಾನು. ಎರಡು ದನ ಕಟ್ಟಿಕೊಂಡ ಬಡವನಿಗೆ ಬೇರೆ ಗತಿಯಿಲ್ಲ.

ಕಾನೂನಿನ ಕಟ್ಟಳೆ

೧೯೬೪ನೇ ಇಸವಿಯ ಭೂಕಂದಾಯ ಅಧಿನಿಯಮದ ೭೧ನೇ ಪ್ರಕರಣದಂತೆ, ಉಚಿತ ಮೇವಿಗಾಗಿ ಬಿಟ್ಟ ಜಮೀನನ್ನು ಜಿಲ್ಲಾಧಿಕಾರಿಗಳ ಮಂಜೂರಾತಿಯಿಲ್ಲದೆ ಬೇರೆ ಕೆಲಸಕ್ಕೆ ಉಪಯೋಗಿಸಕೂಡದು. ೧೯೬೬ನೇ ಇಸವಿಯ ನಿಯಮಗಳ ೯೭ನೇ ನಿಯಮವು ನೂರು ದನಗಳಿಗೆ ೧೨ ಹೆಕ್ಟೇರು, ಎಂದರೆ ಸುಮಾರು ೩೦ ಎಕರೆಯಂತೆ, ಗೋಮಾಳದ ಪ್ರಮಾಣವನ್ನು ಗೊತ್ತುಮಾಡಿರುವುದು.

ಗ್ರಾಮಸ್ಥರು ಇಲ್ಲಿ ಒಂದು ಅಂಶವನ್ನು ಚೆನ್ನಾಗಿ ಮನಗಾಣಬೇಕು. ೨೪೦ ದನಗಳಿರುವ ಗ್ರಾಮಕ್ಕೆ ೭೨ ಎಕರೆ ಸಲ್ಲುವುದು. ದನಗಳು ೧೮೦ಕ್ಕೆ ಇಳಿದರೆ, ಅಥವಾ ಗಣತಿಯಲ್ಲಿ ಅಷ್ಟೇ ಬರೆಯಲ್ಪಟ್ಟರೆ, ೫೪ ಎಕರೆ ಸಾಕೆನಿಸಿ ೧೮ ಎಕರೆಯು ಹೆಚ್ಚುವರಿಯೆಂದು ಎಣಿಕೆಗೆ ಬರುವುದು. ಹೆಚ್ಚುವರಿಯೆನಿಸಿದ ಜಮೀನನ್ನು ಗೋಮಾಳದಿಂದ ತಗ್ಗಿಸಲು ನಿಯಮದಲ್ಲಿ ಅವಕಾಶವುಂಟು. ಆದಕಾರಣ ಜಾನುವಾರು ಗಣತಿಯ ದಿವಸ ಕೊಟ್ಟಿಗೆಯ ದನಗಳನ್ನು ಸರಿಯಾಗಿ ಬರೆಸದಿರುವುದು ಊರಿಗೇ ನಷ್ಟ.

ಊರಿನ ಕಟ್ಟುಪಾಡು

ಕಾನೂನು ಎಲ್ಲೆಯನ್ನು ತೋರಿಸಬಲ್ಲದು. ದಿನವೂ ಅದನ್ನು ಕಾಯುವವರು ಊರಿನವರೇ. ಯಾರ ದನ ಎಲ್ಲಿ ಮೇಯಬೇಕು, ಹುಲ್ಲು ಚಿಗುರುವ ತನಕ ಯಾವ ಭಾಗವನ್ನು ಬಿಡಬೇಕು ಎಂಬುದನ್ನು ಊರಿನ ಮಾತೇ ನಡೆಸತಕ್ಕದ್ದು. ಆದರೆ ಅದೇ ಊರಿನ ಮಾತು ಕೆಡುಕಿಗೂ ಕಾರಣವಾಗುವುದುಂಟು. ಪ್ರಬಲನೊಬ್ಬನು ವರ್ಷಕ್ಕೊಂದು ಸಾಲಿನಂತೆ ಬೇಲಿಯನ್ನು ಮುಂದೆ ಸರಿಸಿದಾಗ, ನೆಂಟಸ್ತಿಕೆಗೂ ದಾಕ್ಷಿಣ್ಯಕ್ಕೂ ಒಳಗಾಗಿ ಎಲ್ಲರೂ ಸುಮ್ಮನಿರುವರು. ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ೧೯೬೧ನೇ ಇಸವಿಯ ಶಾಸನದಿಂದ ರದ್ದಾದ ಮೇಲೆ, ಈ ಹೊಣೆಯು ಎಲ್ಲ ಗ್ರಾಮಸ್ಥರ ಮೇಲೂ ಬಿದ್ದಿರುವುದು.

ಇಂಥ ಸಾಮುದಾಯಿಕ ಸ್ವತ್ತುಗಳನ್ನು ಹಲವು ದೇಶಗಳಲ್ಲಿ ಪರಿಶೀಲಿಸಿ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಯು, ಉಪಯೋಗಿಸುವವರೇ ಕಟ್ಟಳೆ ಮಾಡಿ, ತಾವೇ ಕಾದು, ತಪ್ಪಿಗೆ ತಕ್ಕಷ್ಟೇ ದಂಡ ವಿಧಿಸುವಲ್ಲಿ ಅವು ಬಹುಕಾಲ ಉಳಿಯುವುವೆಂದು ತೋರಿಸಿರುವರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ, ಗ್ರಾಮದ ಸಾಮುದಾಯಿಕ ಜಮೀನುಗಳ ಒತ್ತುವರಿಯನ್ನು ತೆರವುಮಾಡಿಸಲು ಯೋಜನೆ ಸಿದ್ಧಪಡಿಸುವಂತೆ ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು.

ಆಚರಿಸತಕ್ಕ ಕ್ರಮಗಳು

೧. ಗೋಮಾಳದ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಪಹಣಿಯಲ್ಲಿ ನೋಡಿ, ಗ್ರಾಮಸಭೆಯಲ್ಲಿ ಎಲ್ಲರಿಗೂ ಓದಿ ಹೇಳಬೇಕು.

೨. ಅಳತೆ ಮಾಡಿಸಿ ಎಲ್ಲೆಕಲ್ಲು ನೆಡಿಸಬೇಕು. ಮಳೆಗಾಲ ಕಳೆದೊಡನೆ ಕಲ್ಲುಗಳನ್ನು ನೋಡಿಬರಬೇಕು.

೩. ಗಣತಿಯಲ್ಲಿ ಪ್ರತಿಯೊಂದು ದನವನ್ನೂ ಬರೆಸಬೇಕು.

೪. ಕೂಲಿಯವರಿಗೂ ಜಮೀನಿಲ್ಲದವರಿಗೂ ಸಭೆಯಲ್ಲಿ ಮಾತನಾಡಲು ಅವಕಾಶವಿರಬೇಕು.

೫. ಒತ್ತುವರಿಯು ಒಂದು ಗಜವಿರುವಾಗಲೇ ಬುದ್ಧಿ ಹೇಳಬೇಕು. ಕೇಳದಿದ್ದರೆ ತಹಶೀಲ್ದಾರರಿಗೆ ಗ್ರಾಮದ ಹೆಸರಿನಲ್ಲಿ ಅರ್ಜಿ ಕೊಡಬೇಕು. ಒಬ್ಬನೇ ಕೊಟ್ಟ ಅರ್ಜಿಯು ಹಗೆತನಕ್ಕೆ ದಾರಿ. ಹತ್ತು ಮನೆಯವರು ಕೂಡಿ ಕೊಟ್ಟದ್ದು ಊರಿನ ಮಾತು.